ಸಾಲ ಕೊಡೋ ಸಂಘ ಐತೆ, ಹಿಂಡೋ ಸಂಘ ಎಲ್ಲೈತೆ?



ಹೋದ ಸುಗ್ಗಿಯಲ್ಲಿ ಒಂದು ಸಂಜೆ ಸಿದ್ದಾಪುರದ ಕಡೆ ಬರೋ ಬಸ್ಸಿನಲ್ಲಿ ನಮ್ಮ ಸೀಮೆಯ ರೈತನೊಬ್ಬ ನನ್ನ ಪಕ್ಕ ಕೂತಿದ್ದ. ಬೆಳಿಗ್ಗೆ ಹನ್ನೆರಡು ಚೀಲ ಶೇಂಗಾ ಪೇಟೆಗೆ ಹಾಕಿ ವಾಪಸ್ ಹೊರಟವನು. ಕಾಲ ಹತ್ತಿರ ಒಂದು ಕೈಚೀಲ, ಅದರೊಳಗೆ ಎರಡು ಪ್ಯಾಕೆಟ್ ಅಡುಗೆ ಎಣ್ಣೆ. ಯಾವುದು ಅಂತ ತೆಗೆದು ನೋಡಿದೆ. ಪಾಮೋಲಿನ್! ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ತಾಳೆ ಎಣ್ಣೆ. "ಏನಪ್ಪಾ, ಶೇಂಗಾ ಮಾರಿ ತಾಳೆ ಎಣ್ಣೆ ತಂದೀಯಲ್ಲ?" ಅಂದೆ. ಅವನು ನಕ್ಕ. "ಶೇಂಗಾ ಎಣ್ಣೆ ತಿನ್ನೋ ಶಕ್ತಿ ಬೆಳೆಯೋರಿಗೆಲ್ಲೈತೆ ಯಜಮಾನ್ರೇ" ಅಂದ.

ಆ ನಗು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ಈ ತಿಂಗಳು ನಿಮ್ಮ ಹತ್ತಿರ ಬೆಂಬಲ ಬೆಲೆಯ ವಿಷಯ ಮಾತಾಡದೆ ಇನ್ನೊಂದು ಮಾತು ಆಡಬೇಕು ಅಂತ ಕೂತಿದ್ದೇನೆ. ಬೆಂಬಲ ಬೆಲೆ ಬೇಡ ಅಂತಲ್ಲ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಶೇಂಗಾ ಕ್ವಿಂಟಲಿಗೆ 7,263 ರೂಪಾಯಿ ಅಂತ ಘೋಷಣೆ ಮಾಡಿತು. ಆ ಬೆಲೆ ಯಾರ ಕೈಗೆ ಬಂತು, ಯಾರಿಗೆ ಬರಲಿಲ್ಲ ಅನ್ನೋದನ್ನು ನಿಮ್ಮ ನಿಮ್ಮ ಪಟ್ಟಿ ಚೀಟಿ ತೆಗೆದು ನೀವೇ ನೋಡಿಕೊಳ್ಳಿ. ನಾನು ಹೇಳಬೇಕಾದ್ದು ಅದರ ಮುಂದಿನ ಮಾತು.

ಒಂದು ಕ್ವಿಂಟಲ್ ಕಾಯಿ ಒಡೆದರೆ ಸುಮಾರು 65ರಿಂದ 70 ಕಿಲೋ ಬೀಜ ಬರುತ್ತದೆ. ಆ ಬೀಜ ಮಿಲ್ಲಿಗೆ ಬಿದ್ದರೆ ಹೆಚ್ಚುಕಡಿಮೆ 27-30 ಕಿಲೋ ಎಣ್ಣೆ, ಉಳಿದದ್ದು ಹಿಂಡಿ. ಸಿಪ್ಪೆಯೂ ಒಲೆಗೆ ಉರುವಲಾಗುತ್ತದೆ, ದಂಡವಾಗಿ ಹೋಗೋದು ಏನೂ ಇಲ್ಲ. ಎಣ್ಣೆ ಕಿಲೋಗೆ ಎಷ್ಟು, ಹಿಂಡಿ ಚೀಲಕ್ಕೆ ಎಷ್ಟು ಅಂತ ನಿಮ್ಮೂರ ಅಂಗಡಿಯ ರೇಟು ಹಾಕಿ ಕೂಡಿಸಿ ನೋಡಿ. ಆಮೇಲೆ ನೀವು ಕಾಯಿ ಮಾರಿದ ರೇಟು ಕಳೆಯಿರಿ. ಮಿಲ್ಲಿನವನಿಗೂ ಖರ್ಚಿದೆ, ಕರೆಂಟು, ಕೂಲಿ, ಬಡ್ಡಿ ಎಲ್ಲ ಇದೆ. ಅದನ್ನೂ ಕಳೆಯಿರಿ. ಉಳಿಯುತ್ತದಲ್ಲ, ಆ ಉಳಿದದ್ದು ಹಿಂಡೋ ಯಂತ್ರ ಯಾರದೋ ಅವರದು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ನಮ್ಮ ಹೊಲದ ಶೇಂಗಾದಿಂದ. ಬೊಂಬಾಯಿ ಬಿಟ್ಟರೆ ಚಳ್ಳಕೆರೆಯೇ ಅಂತ ನಮ್ಮ ಹಿರಿಯರು ಜಂಬದಿಂದ ಹೇಳೋರು. ಹೆಸರು ಊರಿಗೆ ಬಂತು, ಹಣ ಮಿಲ್ಲಿಗೆ ಹೋಯಿತು, ಹೊಲದವನ ಪಾಲಿಗೆ ಪತ್ತಿನ ಸಂಘದ ನೋಟೀಸು ಬಂತು.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನ ಇರೋದು ನಿಮಗೆಲ್ಲ ಗೊತ್ತು. 1892ರಲ್ಲಿ ರೈಸ್ ಸಾಹೇಬರು ಅದನ್ನು ಪತ್ತೆ ಮಾಡಿದರು. 1947ರಲ್ಲಿ ವೀಲರ್ ಅನ್ನೋ ಇನ್ನೊಬ್ಬ ಸಾಹೇಬರು ಬಂದು ಇಲ್ಲಿಯೂ ಅಗೆಸಿದರು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯ ಸಿಕ್ಕವು. ಅದಕ್ಕೆ ಎರಡು ವರ್ಷ ಮುಂಚೆ ಇದೇ ವೀಲರ್ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆಸಿದಾಗ ಇಟಲಿ ಕಡೆಯಿಂದ ವೈನ್ ತುಂಬಿ ಬಂದ ಮಣ್ಣಿನ ಜಾಡಿಗಳ ಚೂರು ಸಿಕ್ಕಿದ್ದವು. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಅವರು ದ್ರಾಕ್ಷಿಯನ್ನು ದ್ರಾಕ್ಷಿಯಾಗಿ ಮಾರಲಿಲ್ಲ, ಹಿಂಡಿ ಜಾಡಿ ತುಂಬಿ ಸಮುದ್ರ ದಾಟಿಸಿದರು. ಅದೇ ಇಟಲಿಯ ಉತ್ತರದ ತುದಿಯಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ, ಆವೋಸ್ತಾ ಅಂತ ಒಂದು ಕಣಿವೆ ಇದೆ. ಅಲ್ಲಿಯ ರೈತರ ಒಂದು ಸಹಕಾರ ಸಂಘದ ಕಥೆ ನಿಮಗೆ ಹೇಳಬೇಕು.

ಕಣಿವೆ ಅಂದ ಕೂಡಲೆ ಮಲೆನಾಡಿನ ಹಾಗೆ ಸದಾ ಮಳೆ ಅಂದುಕೊಳ್ಳಬೇಡಿ. ಸುತ್ತಲೂ ಹಿಮದ ಬೆಟ್ಟ ಮೋಡವನ್ನು ತಡೆಯೋದರಿಂದ ಕಣಿವೆಯ ತಳದಲ್ಲಿ ಮಳೆ ಕಡಿಮೆ. ಆವೋಸ್ತಾ ಪಟ್ಟಣದ ಮಳೆ ನಮ್ಮ ಚಳ್ಳಕೆರೆ ಸೀಮೆಯ ಮಳೆಗಿಂತ ಬಹಳ ಹೆಚ್ಚೇನಲ್ಲ. ನಾನೂರು ಐನೂರು ವರ್ಷಕ್ಕೂ ಹಿಂದೆಯೇ ಅಲ್ಲಿಯ ರೈತರು ಹಿಮ ಕರಗಿದ ನೀರನ್ನು ಬೆಟ್ಟದ ಪಕ್ಕೆಯಲ್ಲಿ ಮೈಲಿಗಟ್ಟಲೆ ಕಾಲುವೆ ತೋಡಿ ಹೊಲಕ್ಕೆ ತಂದಿದ್ದಾರೆ. ಕಣಿವೆಯ ಮೇಲ್ತುದಿಗೆ, ಯುರೋಪಿನ ದೊಡ್ಡ ಪರ್ವತ ಮೌಂಟ್ ಬ್ಲಾಂಕ್ ಬುಡದಲ್ಲಿ, ಮೊರ್ಜೆ ಮತ್ತು ಲಾ ಸಾಲ್ ಅಂತ ಎರಡು ಊರು. ಅಲ್ಲಿ 900ರಿಂದ 1,200 ಮೀಟರ್ ಎತ್ತರದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಯುರೋಪಿನಲ್ಲಿ ಅಷ್ಟು ಎತ್ತರದ ದ್ರಾಕ್ಷಿ ತೋಟ ಬೇರೆ ಕಡೆ ಸಿಗೋದು ಅಪರೂಪ. ತಳಿಯ ಹೆಸರು ಪ್ರಿಯೆ ಬ್ಲಾಂ, ಬಿಳಿ ದ್ರಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರು ತಿನ್ನೋ ಒಂದು ಹೇನು ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿಯನ್ನೆಲ್ಲ ಹಾಳು ಮಾಡಿತು. ಆಗಿನಿಂದ ಬೇರೆ ಬೇರಿಗೆ ಕಸಿ ಕಟ್ಟದೆ ಅಲ್ಲಿ ದ್ರಾಕ್ಷಿ ಬೆಳೆಯೋದಿಲ್ಲ. ಆದರೆ ಆ ಹೇನು ಈ ಚಳಿಯ ಎತ್ತರಕ್ಕೆ ಹತ್ತಲಿಲ್ಲ. ಮೊರ್ಜೆಯವರ ಬಳ್ಳಿ ಇವತ್ತಿಗೂ ತನ್ನ ಸ್ವಂತ ಬೇರಿನ ಮೇಲೆ ನಿಂತಿದೆ. ನೆಲದ ಕಾವು ಸಿಗಲಿ ಅಂತ ಚಪ್ಪರವನ್ನು ಬಹಳ ತಗ್ಗಿಗೆ ಕಟ್ಟುತ್ತಾರೆ, ಕೀಳೋವಾಗ ಮಂಡಿಯೂರಿ ಒಳಗೆ ನುಗ್ಗಬೇಕು. ಟ್ರ್ಯಾಕ್ಟರ್ ಗೀಕ್ಟರ್ ಏನೂ ನಡೆಯೋದಿಲ್ಲ, ಎಲ್ಲ ಕೈ ಕೆಲಸ.

ಇನ್ನು ಅವರ ಹಿಡುವಳಿ ಕೇಳಿ. ಸಂಘದ ಸದಸ್ಯರು ಎಂಬತ್ತರ ಆಸುಪಾಸು. ಎಲ್ಲರ ತೋಟ ಕೂಡಿಸಿದರೂ ಇಪ್ಪತ್ತು ಹೆಕ್ಟೇರ್ ಆಸುಪಾಸು, ಅಂದರೆ ಐವತ್ತು ಎಕರೆ. ತಲೆಗೆ ಎಷ್ಟು ಬಿತ್ತು? ಅರ್ಧ ಎಕರೆ ಚಿಲ್ಲರೆ! ನಮ್ಮಲ್ಲಿ ಹತ್ತು ಎಕರೆ ಇಟ್ಟುಕೊಂಡು "ಸಣ್ಣ ರೈತ" ಅಂತ ಗೋಳಾಡುವವರು ಈ ಲೆಕ್ಕ ಒಂದು ಸಲ ಬಾಯಿಬಿಟ್ಟು ಓದಿಕೊಳ್ಳಿ. (ನನ್ನನ್ನೂ ಸೇರಿಸಿಕೊಂಡೇ ಹೇಳಿದ್ದು.)

ಮೊದಲು ಅವರ ಸ್ಥಿತಿಯೂ ನಮ್ಮದೇ ಆಗಿತ್ತು. ಒಬ್ಬೊಬ್ಬರು ಮನೆಯ ನೆಲಮಾಳಿಗೆಯಲ್ಲಿ ತಮಗೆ ಬೇಕಾದಷ್ಟು ವೈನ್ ಮಾಡಿಕೊಳ್ಳೋರು, ಮಿಕ್ಕದ್ದು ಅಲ್ಲೇ ಅಕ್ಕಪಕ್ಕ ಹೋಗೋದು. ಒಂದು ಮನೆಯದು ಚೆನ್ನಾಗಿದ್ದರೆ ಇನ್ನೊಂದು ಮನೆಯದು ಹುಳಿ. ಹುಡುಗರು ಪ್ರವಾಸಿಗಳು ಬರೋ ಊರುಗಳಿಗೆ, ಫ್ಯಾಕ್ಟರಿಗಳಿಗೆ ಕೂಲಿಗೆ ಹೊರಟರು. 1965ರಲ್ಲಿ ಮೌಂಟ್ ಬ್ಲಾಂಕ್ ಕೆಳಗೆ ಸುರಂಗ ಮಾಡಿ ಫ್ರಾನ್ಸಿಗೆ ರಸ್ತೆ ಬಿಟ್ಟ ಮೇಲೆ ತಗ್ಗು ಚಪ್ಪರದೊಳಗೆ ಮಂಡಿಯೂರೋಕೆ ಯಾರಿಗೆ ಬೇಕಾಗಿತ್ತು? ಆ ಕಾಲದಲ್ಲಿ ಮೊರ್ಜೆ ಚರ್ಚಿನ ಪಾದ್ರಿ ಅಲೆಕ್ಸಾಂಡ್ರ ಬೂಜಾ ಅನ್ನುವವರು ಈ ದ್ರಾಕ್ಷಿಯಿಂದ ಶುದ್ಧವಾಗಿ ವೈನ್ ಮಾಡಿ, ಬಾಟಲಿ ತುಂಬಿಸಿ, ಇದಕ್ಕೂ ಹೊರಗೆ ಬೆಲೆ ಇದೆ ಅಂತ ಊರಿನವರಿಗೆ ತೋರಿಸಿಕೊಟ್ಟರು. ಆಮೇಲೆ ರೈತರು ಸೇರಿ 1983ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಪ್ರಾಂತ್ಯದ ಸರ್ಕಾರ ನೆರವಿಗೆ ನಿಂತಿತು. ಇವತ್ತು ಆ ವೈನ್ ಎರಡು ಊರಿನ ಹೆಸರಿನಲ್ಲೇ ಮಾರಾಟ ಆಗುತ್ತದೆ, ಕಾನೂನು ಆ ಹೆಸರನ್ನು ಕಾಯುತ್ತದೆ. ನಮ್ಮ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತು ಸಿಕ್ಕಿಲ್ಲವೇ, ಹಾಗೆ ಅಂದುಕೊಳ್ಳಿ.

ಈಗ ಬಿಳಿ ವೈನ್ ಹೇಗೆ ಮಾಡುತ್ತಾರೆ ಅನ್ನೋದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಯಾಕೆ ಹೇಳುತ್ತೇನೆ ಅಂದರೆ ಬೆಲೆಯ ಗುಟ್ಟು ಇರೋದು ಅಲ್ಲೇ. ಕೆಂಪು ವೈನಿಗೆ ಹಣ್ಣನ್ನು ಜಜ್ಜಿ ಸಿಪ್ಪೆ ಸಮೇತ ಹುಳಿ ಬರಿಸುತ್ತಾರೆ, ಬಣ್ಣ ಸಿಪ್ಪೆಯಿಂದ ಇಳಿಯುತ್ತದೆ. ಬಿಳಿ ವೈನಿಗೆ ಹಾಗಲ್ಲ. ಕಿತ್ತ ಹಣ್ಣನ್ನು ಬೇಗ ತಂದು, ಕೂಡಲೆ ಹಿಂಡಿ, ಸಿಪ್ಪೆ ಬೇರೆ ರಸ ಬೇರೆ ಮಾಡಿ, ರಸವನ್ನು ಮಾತ್ರ ತಂಪಿನ ತೊಟ್ಟಿಯಲ್ಲಿ ಬಿಡುತ್ತಾರೆ. ರಸದಲ್ಲಿರೋ ಸಕ್ಕರೆಯನ್ನು ಈಸ್ಟು ತಿಂದು ಮದ್ಯಸಾರ ಮಾಡುತ್ತದೆ. ತಂಪು ತಪ್ಪಿದರೆ ವಾಸನೆ ಹಾರಿಹೋಗುತ್ತದೆ, ಗಾಳಿ ತಾಗಿದರೆ ರಸ ಕಂದುತ್ತದೆ. ಹೀಗೆ ಎರಡು ಮೂರು ವಾರ ಹುಳಿ ಬಂದ ಮೇಲೆ ತಿಂಗಳುಗಟ್ಟಲೆ ತಿಳಿಯಾಗೋಕೆ ಬಿಟ್ಟು ಬಾಟಲಿ ತುಂಬುತ್ತಾರೆ. ಒಂದು ಕಿಲೋ ಚಿಲ್ಲರೆ ದ್ರಾಕ್ಷಿಗೆ ಒಂದು ಬಾಟಲಿ ಅಂತ ಲೆಕ್ಕ.

ಗಮನಿಸಿದಿರಾ? ಕಿತ್ತ ಹಣ್ಣಿಗೆ ಆಯುಷ್ಯ ಕೆಲವೇ ಗಂಟೆ. ಹಿಂಡಿದ ರಸಕ್ಕೆ ಆಯುಷ್ಯ ತಿಂಗಳು, ವರ್ಷ. ಹಣ್ಣು ಹಿಡಿದುಕೊಂಡು ಕಾರ್ಖಾನೆ ಗೇಟಿನ ಮುಂದೆ ನಿಂತ ರೈತನಿಗೆ ಸೂರ್ಯನೇ ವೈರಿ. ಹೊತ್ತು ಏರಿದ ಹಾಗೆಲ್ಲ ಅವನ ಬೆಲೆ ಇಳಿಯುತ್ತದೆ. ಒಳಗೆ ಕೂತವನು ನಾಲ್ಕು ಹಣ್ಣು ಹಿಂಡಿ, ಮಾಪಕದಲ್ಲಿ ಸಕ್ಕರೆ ನೋಡಿ, "ಸಕ್ಕರೆ ಕಮ್ಮಿ ಐತೆ" ಅಂದರೆ ಮುಗಿಯಿತು. ವೈನ್ ದ್ರಾಕ್ಷಿಯ ಇನ್ನೊಂದು ಕಷ್ಟ ಏನೆಂದರೆ ಅದು ಸಣ್ಣ ಹಣ್ಣು, ಬೀಜದ ಹಣ್ಣು. ಸಂತೆಯಲ್ಲಿ ಇಟ್ಟರೆ ತಿನ್ನೋಕೆ ಯಾರೂ ಕೊಳ್ಳೋದಿಲ್ಲ. ಕೊಳ್ಳುವವನು ಒಬ್ಬನೇ, ಅವನ ಮುಂದೆ ನಿಂತವರು ನೂರು ಜನ. ಆದರೆ ಹಿಂಡೋ ಯಂತ್ರ, ತಂಪಿನ ತೊಟ್ಟಿ, ಸಕ್ಕರೆ ಅಳೆಯೋ ಮಾಪಕ ಇವು ಮೂರೂ ಆ ನೂರು ಜನರದೇ ಆಗಿದ್ದರೆ? ಆಗ ಕಾಯೋ ಸರದಿ ಕೊಳ್ಳುವವನದು.

ಶೇಂಗಾ ದ್ರಾಕ್ಷಿಯ ಹಾಗೆ ಗಂಟೆಯಲ್ಲಿ ಕೆಡೋದಿಲ್ಲ, ನಿಜ. ಮನೆಯಲ್ಲಿ ಆರು ತಿಂಗಳು ಇಡಬಹುದು. ಆದರೂ ನೀವು ಇಡುತ್ತೀರಾ? ಕಣದಿಂದ ಸೀದಾ ಮಂಡಿಗೆ ಹಾಕುತ್ತೀರಿ. ಯಾಕೆ? ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಮಂಡಿಯವನ ಹತ್ತಿರ ಮುಂಗಡ ತಂದಿದ್ದೀರಿ. ಸಾಲ ಕೊಟ್ಟವನೇ ಕೊಳ್ಳುವವನು. ಅವನ ಹತ್ತಿರ ನೀವು ರೇಟು ಕೇಳೋಕೆ ಹೋಗೋದಿಲ್ಲ, ಸಾಲ ತೀರಿಸೋಕೆ ಹೋಗುತ್ತೀರಿ. ದ್ರಾಕ್ಷಿಯನ್ನು ಸೂರ್ಯ ಕೆಡಿಸಿದರೆ ಶೇಂಗಾವನ್ನು ಬಡ್ಡಿ ಕೆಡಿಸುತ್ತದೆ. ಈರುಳ್ಳಿಯ ಕಥೆ ನಾನು ಹೇಳೋದೇ ಬೇಡ, ಅದಕ್ಕೆ ಸೂರ್ಯನೂ ಸೈ, ಮಳೆಯೂ ಸೈ, ಬಡ್ಡಿಯೂ ಸೈ. ಒಂದು ವರ್ಷ ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಕಳೆದು ನನ್ನ ಕೈಗೆ ಬಂದದ್ದು ವಾಪಸ್ ಬರೋ ಬಸ್ ಚಾರ್ಜು, ಒಂದು ಊಟ.

ಇಟಲಿಯ ಮಾತು ಬಿಡಿ, ನಮ್ಮ ನಾಡಿನ ದ್ರಾಕ್ಷಿಗೇ ಬರೋಣ. 1959ರಲ್ಲಿ ತೋಟಗಾರಿಕೆಯ ದೊಡ್ಡ ಹೆಸರು ಡಾ. ಎಂ.ಎಚ್. ಮರೀಗೌಡರ ಮುಂದಾಳುತನದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದರ ಹೆಸರಿನಲ್ಲೇ ಮಾರಾಟದ ಜೊತೆಗೆ ಸಂಸ್ಕರಣ ಅನ್ನೋ ಮಾತೂ ಇತ್ತು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಹಣ್ಣು ತರಕಾರಿ ಮಾರೋ ಅಂಗಡಿಗಳಿಂದ ಅದು ಹೆಸರು ಮಾಡಿತು, ಒಳ್ಳೆಯ ಕೆಲಸವನ್ನೂ ಮಾಡಿತು, ಇಲ್ಲ ಅನ್ನೋದಿಲ್ಲ. ಆದರೆ ದ್ರಾಕ್ಷಿ ಬೆಳೆಗಾರನದೇ ವೈನ್ ಕಾರ್ಖಾನೆ ಅಂತ ಒಂದು ಅದರಿಂದ ಎದ್ದು ನಿಲ್ಲಲಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಅದಕ್ಕೊಂದು ಮಂಡಳಿಯೂ ಆಯಿತು. ನಂದಿ ಬೆಟ್ಟದ ಸುತ್ತ, ವಿಜಯಪುರದ ಕಡೆ ವೈನ್ ದ್ರಾಕ್ಷಿಗೆ ಪ್ರೋತ್ಸಾಹ ಕೊಟ್ಟರು. 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಅಂಗಡಿಯಲ್ಲಿ ಹೆಸರಾದ ಬಾಟಲಿಗಳನ್ನು ತಿರುಗಿಸಿ ನೋಡಿ, ಕಂಪನಿಗಳ ಹೆಸರೇ ಇದೆ. ರೈತ ಕರಾರು ಪತ್ರದಲ್ಲಿ ಸಹಿ ಹಾಕಿದವನು, ಅಷ್ಟೇ.

ಕರಾರಿನ ಬಾಳು ಎಂಥದ್ದು ಅಂತ ಮಹಾರಾಷ್ಟ್ರದವರನ್ನು ಕೇಳಿ. ಅಲ್ಲಿ 2001ರಲ್ಲೇ ಇಂಥ ನೀತಿ ಬಂತು. ನಾಸಿಕ್ ಕಡೆ ಸಾವಿರಾರು ಎಕರೆಯಲ್ಲಿ ತಿನ್ನೋ ದ್ರಾಕ್ಷಿ ತೆಗೆದು ವೈನ್ ದ್ರಾಕ್ಷಿ ಹಾಕಿದರು. 2008ರಲ್ಲಿ ಪ್ರಪಂಚದ ಪೇಟೆಯೇ ಬಿತ್ತು, ಅದೇ ವರ್ಷ ಮುಂಬಯಿಯಲ್ಲಿ ದಾಳಿ ಆಗಿ ಹೋಟೆಲುಗಳು ಬಿಕೋ ಅಂದವು. ವೈನ್ ತೊಟ್ಟಿಯಲ್ಲೇ ನಿಂತಿತು. ಕಾರ್ಖಾನೆಗಳು ಹಣ್ಣು ಬೇಡ ಅಂದವು, ಕೊಂಡ ಹಣ್ಣಿಗೂ ದುಡ್ಡು ಬಾಕಿ ಉಳಿಸಿದವು. ರೈತರು ಬಳ್ಳಿ ಕಿತ್ತು ಮತ್ತೆ ತಿನ್ನೋ ದ್ರಾಕ್ಷಿ ಹಾಕಿಕೊಂಡರು. ಪೇಟೆ ಬಿದ್ದಾಗ ಸಹಕಾರ ಸಂಘಕ್ಕೂ ಪೆಟ್ಟು ಬೀಳುತ್ತದೆ, ಅದು ಮಂತ್ರದ ಕೋಲಲ್ಲ. ಆದರೆ ಸಂಘದ ತೊಟ್ಟಿಯಲ್ಲಿ ನಿಂತ ವೈನ್ ರೈತನದೇ ವೈನ್. ಬೆಲೆ ಕಡಿಮೆ ಬರಬಹುದು, "ನಿನ್ನ ಹಣ್ಣು ಬೇಡ, ಹೋಗು" ಅಂತ ಯಾರೂ ಅನ್ನೋದಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಊರಿನ ತಾಯಂದಿರು ಈ ಪತ್ರಿಕೆಯನ್ನು ಓದುತ್ತಾರೆ, ಓದಿಸಿ ಕೇಳುತ್ತಾರೆ. "ಕುಡಿತಕ್ಕೆ ಇವನೇ ದಾರಿ ತೋರಿಸ್ತಾನೆ" ಅಂತ ಬೈದಾರು ಅನ್ನೋ ಭಯ ನನಗಿದೆ. ನಮ್ಮಲ್ಲಿ ಸಾರಾಯಿ ನಿಂತದ್ದೂ 2007ರಲ್ಲೇ, ವೈನ್ ನೀತಿ ಬಂದದ್ದೂ 2007ರಲ್ಲೇ. ಬಡವನ ಸೀಸೆ ಒಡೆದರು, ಉಳ್ಳವನ ಸೀಸೆಗೆ ಮಂಡಳಿ ಕಟ್ಟಿದರು ಅಂತ ಆಗಲೇ ಜನ ಆಡಿಕೊಂಡದ್ದುಂಟು. ಸಾರಾಯಿ ಎಷ್ಟು ಮನೆ ಹಾಳು ಮಾಡಿತು ಅನ್ನೋದನ್ನು ಕಣ್ಣಾರೆ ಕಂಡವನು ನಾನು. ಚಳ್ಳಕೆರೆಯಲ್ಲಿ ವೈನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರು ದ್ರಾಕ್ಷಿಗೆ ಮಾಡಿದ್ದನ್ನು ನಾವು ಶೇಂಗಾಕ್ಕೆ, ದಾಳಿಂಬೆಗೆ, ಹುಣಸೆಗೆ ಯಾಕೆ ಮಾಡಲಿಲ್ಲ ಅಂತ ಕೇಳುತ್ತಿದ್ದೇನೆ.

ಮಾಡೋಕೆ ನಮಗೆ ಸಹಕಾರ ಅಂದರೆ ಏನು ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ, ದೇಶಕ್ಕೇ ಮೊದಲು ಗೊತ್ತಾದದ್ದು ನಮಗೆ. ಜರ್ಮನಿಯಲ್ಲಿ ರೈಫೈಸನ್ ಅನ್ನೋ ಒಬ್ಬ ಹಳ್ಳಿಯ ಮೇಯರು 1864ರಲ್ಲಿ ರೈತರ ಪತ್ತಿನ ಸಂಘ ಕಟ್ಟಿದ. ಆ ಮಾದರಿಯನ್ನು ನೋಡಿಯೇ ಬ್ರಿಟಿಷರು 1904ರಲ್ಲಿ ಇಲ್ಲಿ ಸಹಕಾರ ಕಾಯಿದೆ ಮಾಡಿದರು. ಆ ಕಾಯಿದೆಯ ಕೆಳಗೆ 1905ರಲ್ಲಿ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘ ಹುಟ್ಟಿದ್ದು ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಅತ್ತ ರೈಫೈಸನ್‌ನ ನಾಡಿನಲ್ಲಿ ರೈತರು ಸಾಲದ ಸಂಘಕ್ಕೇ ನಿಲ್ಲಲಿಲ್ಲ. 1868ರಲ್ಲೇ ಮಾಯ್‌ಷೋಸ್ ಅನ್ನೋ ಊರಿನ ದ್ರಾಕ್ಷಿ ಬೆಳೆಗಾರರು ಸಹಕಾರಿ ವೈನ್ ಸಂಘ ಮಾಡಿದರು. 1893ರಲ್ಲಿ ಆಲ್ಪ್ಸ್‌ನ ಇನ್ನೊಂದು ಕಣಿವೆಯಲ್ಲಿ, ದಕ್ಷಿಣ ಟಿರೋಲ್ ಅಂತಾರೆ, ಟೆರ್ಲಾನೋ ಅನ್ನೋ ಊರಿನಲ್ಲಿ 24 ಜನ ರೈತರು ದೊಡ್ಡ ಜಮೀನುದಾರರ ಹಿಡಿತದಿಂದ ಬಿಡಿಸಿಕೊಳ್ಳೋಕೆ ತಮ್ಮದೇ ನೆಲಮಾಳಿಗೆ ಕಟ್ಟಿದರು. ಇವತ್ತು ಆ ಸೀಮೆಯ ದ್ರಾಕ್ಷಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಸಹಕಾರ ಸಂಘಗಳ ಯಂತ್ರಕ್ಕೇ ಬೀಳುತ್ತದೆ. ಅಲ್ಲಿಯ ರೈತರ ಸರಾಸರಿ ಹಿಡುವಳಿ ಎರಡೂವರೆ ಎಕರೆ ಆಸುಪಾಸು.

ನಾವು ಕಣಗಿನಹಾಳದಲ್ಲಿ ಮೊದಲ ಮೆಟ್ಟಲು ಹತ್ತಿದೆವು, ಅಲ್ಲೇ ಕೂತೆವು. ಸಂಘ ಅಂದರೆ ಸಾಲ, ಸಾಲ ಅಂದರೆ ಮನ್ನಾ ಯಾವಾಗ ಅಂತ ಕಾಯೋದು. ಸಾಲವನ್ನು ತೀರಿಸೋ ಶಕ್ತಿ ಬೆಲೆಯಿಂದ ಬರಬೇಕು, ಬೆಲೆ ಹಿಂಡೋ ಕಡೆಯಿಂದ ಬರಬೇಕು. ಆ ಕಡೆಯನ್ನು ಬೇರೆಯವರ ಕೈಗೆ ಬಿಟ್ಟು ಸಾಲವನ್ನು ಮಾತ್ರ ನಮ್ಮ ಕೈಯಲ್ಲಿ ಇಟ್ಟುಕೊಂಡೆವು.

ಎಲ್ಲರೂ ಹಾಗೆ ಕೂರಲಿಲ್ಲ ಅನ್ನೋದನ್ನೂ ಹೇಳಬೇಕು. ಹಾಲಿನವರನ್ನು ನೋಡಿ. ಇನ್ನೂ ಹತ್ತಿರದ ಮಾತು ಬೇಕಾದರೆ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರನ್ನು ನೋಡಿ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಕಟ್ಟಿದರು. ಅಡಿಕೆ ತೋಟದಲ್ಲಿ ಕೋಕೋ ಹಾಕಿ ಅಂತ ಹೇಳಿಸಿಕೊಂಡು ಹಾಕಿದ್ದರು. ಎಂಬತ್ತರ ಹೊತ್ತಿಗೆ ಕೋಕೋ ಕೊಳ್ಳುತ್ತಿದ್ದ ಖಾಸಗಿಯವರು ಕೈ ಎತ್ತಿದರು. ಕೋಕೋ ಹಣ್ಣನ್ನು ಏನು ಮಾಡೋದು? ಮನೆಯಲ್ಲಿ ತಿನ್ನೋಕೆ ಆಗುತ್ತದೆಯೇ? ವೈನ್ ದ್ರಾಕ್ಷಿಯದೇ ಪಾಡು. ಆಗ ಸಂಘ ಕೋಕೋ ಕೊಳ್ಳೋಕೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟ್ ಕಾರ್ಖಾನೆ ನಿಲ್ಲಿಸಿತು. ಪಂಚೆ ಉಟ್ಟ ರೈತರು ಚಾಕಲೇಟ್ ಮಾಡುತ್ತಾರಂತೆ ಅಂತ ನಗುವವರು ನಗಲಿ, ಇವತ್ತಿಗೂ ಆ ಕಾರ್ಖಾನೆ ನಡೆಯುತ್ತಿದೆ.

ಹಾಗಾದರೆ ಶೇಂಗಾದಲ್ಲಿ ಯಾರೂ ಪ್ರಯತ್ನ ಮಾಡಲಿಲ್ಲವೇ? ಮಾಡಿದರು. 1984ರಲ್ಲಿ ಕರ್ನಾಟಕ ಎಣ್ಣೆಬೀಜ ಬೆಳೆಗಾರರ ಮಹಾಮಂಡಳ ಹುಟ್ಟಿತು, ಹಾಲಿನ ಮಾದರಿಯಲ್ಲೇ ಹಳ್ಳಿ ಹಳ್ಳಿಗೆ ಸಂಘ ಆಯಿತು. ಅದು ಹಾಲಿನ ಹಾಗೆ ಯಾಕೆ ನಿಲ್ಲಲಿಲ್ಲ? ಒಂದು ಕಾರಣ ದೆಹಲಿಯಲ್ಲಿದೆ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದರು. ಆಗ ಸುಂಕ ನೂರಕ್ಕೆ 65 ಇತ್ತು, 1998ರ ಹೊತ್ತಿಗೆ ಅದನ್ನು 15ಕ್ಕೆ ಇಳಿಸಿದರು. ಹಡಗಿನ ಎಣ್ಣೆಯ ಮುಂದೆ ಮಳೆ ನಂಬಿದ ಶೇಂಗಾ ಎಲ್ಲಿ ನಿಲ್ಲುತ್ತದೆ? ಮಿಲ್ಲುಗಳೂ ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನೀವೇ ನೋಡಿದ್ದೀರಿ. ಅದರ ವಿರುದ್ಧ ನಾವು ಕೂಗಿದೆವು, ಇನ್ನೂ ಕೂಗಬೇಕು.

ಇನ್ನೊಂದು ಕಾರಣ ದೆಹಲಿಯಲ್ಲಿಲ್ಲ. ಅದು ನನ್ನ ಮನೆಯಲ್ಲೇ ಇದೆ, ಹೇಳಿಬಿಡುತ್ತೇನೆ. ನಾನು ಇಪ್ಪತ್ತೈದರ ಹುಡುಗ ಇದ್ದಾಗ ನಮ್ಮ ಸೀಮೆಯ ಇಂಥ ಒಂದು ಸಂಘಕ್ಕೆ ಷೇರು ಹಾಕಿದ್ದೆ. ಸಭೆಯಲ್ಲಿ ಎದ್ದು ನಿಂತು ಭಾಷಣವನ್ನೂ ಮಾಡಿದ್ದೆ. ಸುಗ್ಗಿಯಲ್ಲಿ ಸಂಘದವರು ಒಂದು ರೇಟು ಹೇಳಿದರು, ವಾರ ಬಿಟ್ಟು ದುಡ್ಡು ಅಂದರು. ಅದೇ ದಿನ ಸಂಜೆ ಒಬ್ಬ ವ್ಯಾಪಾರಿ ಮನೆ ಬಾಗಿಲಿಗೆ ಬಂದು ಚೀಲಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಿಗೆ, ಕೈಯಲ್ಲಿ ನಗದು ಅಂದ. ನನ್ನ ಅಪ್ಪ "ಸಂಘಕ್ಕೆ ಮಾತು ಕೊಟ್ಟೀಯಲ್ಲೋ" ಅಂದರು. ನಾನು ಚೀಲ ತೂಗಿಸಿದೆ. ನಾನೊಬ್ಬನೇ ಅಲ್ಲ, ಕೇರಿಯವರೆಲ್ಲ ತೂಗಿಸಿದರು. ಸಂಘಕ್ಕೆ ಹೋದದ್ದು ಯಾರೂ ಕೊಳ್ಳದ ಜೊಳ್ಳು ಕಾಯಿ. ಎರಡು ವರ್ಷದಲ್ಲಿ ಸಂಘದ ಬಾಗಿಲಿಗೆ ಬೀಗ ಬಿತ್ತು. ಬೀಗ ಬಿದ್ದ ವರ್ಷ ಆ ವ್ಯಾಪಾರಿ ಹೆಚ್ಚಿನ ಇಪ್ಪತ್ತು ರೂಪಾಯಿ ಕೊಡಲಿಲ್ಲ, ಯಾಕೆ ಕೊಡುತ್ತಾನೆ?

ಆಲ್ಪ್ಸ್‌ನ ಸಂಘಗಳಲ್ಲಿ ಇದಕ್ಕೆ ಒಂದು ಕಟ್ಟುನಿಟ್ಟಿನ ಕಟ್ಟಳೆ ಇದೆ. ಸದಸ್ಯನಾದವನು ತನ್ನ ದ್ರಾಕ್ಷಿಯನ್ನು ಪೂರ್ತಿ ಸಂಘಕ್ಕೇ ಹಾಕಬೇಕು. ಒಳ್ಳೆಯದು ಹೊರಗೆ, ಜೊಳ್ಳು ಸಂಘಕ್ಕೆ ಅನ್ನೋ ಆಟ ಇಲ್ಲ. ಹಣ್ಣಿನ ಗುಣ ನೋಡಿ ದುಡ್ಡು, ತೂಕ ಒಂದನ್ನೇ ನೋಡಿ ಅಲ್ಲ. ಆ ದುಡ್ಡೂ ಒಂದೇ ದಿನ ಬರೋದಿಲ್ಲ, ವೈನ್ ಮಾರಾಟ ಆದ ಹಾಗೆ ಕಂತಿನಲ್ಲಿ ಬರುತ್ತದೆ. ಅಷ್ಟು ದಿನ ಮನೆ ನಡೆಸೋಕೆ ಸಾಲಗಾರನ ಹತ್ತಿರ ಹೋಗದಂತೆ ಊರಿನಲ್ಲಿ ರೈಫೈಸನ್ ಬ್ಯಾಂಕು ಇದೆ. ಅಂದರೆ ಸಾಲದ ಸಂಘ, ಹಿಂಡೋ ಸಂಘ ಎರಡೂ ಜೋಡೆತ್ತಿನ ಹಾಗೆ. ನಮ್ಮದು ಒಂಟೆತ್ತಿನ ಗಾಡಿ, ನೊಗ ಒಂದು ಕಡೆಗೆ ವಾಲಿದೆ.

ಯಂತ್ರ ಕೊಳ್ಳೋಕೆ ಬಂಡವಾಳ ಎಲ್ಲಿಂದ ಅಂತ ಕೇಳುತ್ತೀರಿ. ಕೋಟಿ ರೂಪಾಯಿಯ ಕಾರ್ಖಾನೆ ನಾನೂ ಕೇಳುತ್ತಿಲ್ಲ. ಕಾಯಿ ಒಡೆಯೋ ಯಂತ್ರ, ಒಂದು ಸಣ್ಣ ಗಾಣ, ಬೀಜ ಒಣಗಿಸಿ ಇಡೋಕೆ ಒಂದು ಗೋದಾಮು, ಇಷ್ಟರಿಂದ ಶುರು ಮಾಡಬಹುದು. ಇವತ್ತು ಪೇಟೆಯವರು ಗಾಣದೆಣ್ಣೆ, ಗಾಣದೆಣ್ಣೆ ಅಂತ ಹುಡುಕಿಕೊಂಡು ಅಲೆಯುತ್ತಾರೆ, ಅವರಿಗೆ ಮಾರುತ್ತಿರೋರು ಬೆಂಗಳೂರಿನಲ್ಲಿ ಕೂತ ಯಾರೋ. ಸರ್ಕಾರದ ಅಧಿಕಾರಿ ಬಂದು ಕುರ್ಚಿಯಲ್ಲಿ ಕೂರುತ್ತಾನೆ ಅನ್ನೋ ಭಯ ಇದ್ದರೆ 1997ರ ಸೌಹಾರ್ದ ಸಹಕಾರಿ ಕಾಯಿದೆ ಇದೆ, ಅದರಲ್ಲಿ ಸರ್ಕಾರದ ಕೈ ಕಡಿಮೆ. ರೈತ ಉತ್ಪಾದಕ ಕಂಪನಿ ಅಂತ ಇನ್ನೊಂದು ದಾರಿಯೂ ಇದೆ. ಆದರೆ ಅವುಗಳಲ್ಲಿ ಎಷ್ಟೋ ಗೊಬ್ಬರ, ಔಷಧಿ ಮಾರೋ ಅಂಗಡಿಗಳಾಗಿಯೇ ನಿಂತಿವೆ. ನಮಗೆ ಮಾರೋದಕ್ಕೆ ಇನ್ನೊಂದು ಅಂಗಡಿ ಬೇಕಾಗಿಲ್ಲ, ನಮ್ಮದನ್ನು ಹಿಂಡೋಕೆ ಒಂದು ಯಂತ್ರ ಬೇಕು.

ಇದನ್ನು ಓದಿ ಪತ್ರಿಕೆ ಮಡಿಸಿ ಸೂರಿಗೆ ಸಿಕ್ಕಿಸಬೇಡಿ. ಒಂದು ಕೆಲಸ ಮಾಡಿ. ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ನಮಗೆ ಕಳಿಸಿ: ಈ ಸಲ ಎಷ್ಟು ಚೀಲ ಶೇಂಗಾ ಮಾರಿದಿರಿ, ಯಾವ ತಾರೀಕು, ಏನು ರೇಟು. ಅದೇ ದಿನ ನಿಮ್ಮೂರ ಅಂಗಡಿಯಲ್ಲಿ ಶೇಂಗಾ ಎಣ್ಣೆ ಕಿಲೋಗೆ ಎಷ್ಟು, ಹಿಂಡಿ ಚೀಲಕ್ಕೆ ಎಷ್ಟು. ಮುಂಗಡ ತಂದಿದ್ದರೆ ಎಷ್ಟು ಬಡ್ಡಿಗೆ. ಹೆಸರು ಬರೆಯೋದು ಬಿಡೋದು ನಿಮ್ಮ ಇಷ್ಟ, ಊರಿನ ಹೆಸರು ಮಾತ್ರ ಬರೆಯಿರಿ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಲೆಕ್ಕ ಊರುವಾರು ಕೂಡಿಸಿ ಈ ಪತ್ರಿಕೆಯಲ್ಲೇ ಅಚ್ಚು ಹಾಕುತ್ತೇವೆ. ಯಾವ ಹತ್ತು ಊರಿನವರು ಕೂಡಿದರೆ ಒಂದು ಗಾಣಕ್ಕೆ ವರ್ಷಪೂರ್ತಿ ಕೆಲಸ ಇರುತ್ತದೆ ಅನ್ನೋದು ಆ ಲೆಕ್ಕದಲ್ಲಿ ಕಾಣುತ್ತದೆ. ನಿಮ್ಮೂರಿನ ಪತ್ತಿನ ಸಂಘದ ಬೈಲಾ ಪುಸ್ತಕ ಕಾರ್ಯದರ್ಶಿಯ ಬೀರುವಿನಲ್ಲಿ ಇರುತ್ತದೆ, ಅದನ್ನೂ ಒಂದು ದಿನ ಕೇಳಿ ಓದಿ. ಸದಸ್ಯರ ಬೆಳೆಯನ್ನು ಸಂಸ್ಕರಿಸಿ ಮಾರೋದು ಸಂಘದ ಉದ್ದೇಶಗಳಲ್ಲಿ ಇದೆಯೇ ಇಲ್ಲವೇ, ಇದ್ದರೆ ಯಾವ ಕಲಮು ಅನ್ನೋದನ್ನು ಕಾರ್ಡಿನ ಕೊನೆಯ ಸಾಲಿನಲ್ಲಿ ಬರೆಯಿರಿ.